'ಜಸ್ಟ್' ಅಂದರೆ ಎಷ್ಟು?

ಇಂಗ್ಲಿಷ್ ಶಾಲೆಯ ಮೆಟ್ಟಿಲು ಹತ್ತದವರ ಬಾಯಲ್ಲೂ ಈಗ ಸಲೀಸಾಗಿ ಓಡಾಡುವ ಇಂಗ್ಲಿಷ್ ಪದಗಳಲ್ಲಿ 'ಜಸ್ಟ್' ಒಂದು. ನಾವು ಬಸ್ ನಿಲ್ದಾಣಕ್ಕೆ ಓಡಿ ಬಂದರೆ 'ಜಸ್ಟ್ ಈಗ ಹೋಯ್ತಲ್ಲ ಸಾರ್' ಎಂಬ ಉತ್ತರ ಸಿಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಒಂದೊಂದು ವಿಷಯಕ್ಕೂ ತೇರ್ಗಡೆಗೆ ಬೇಕಾದಷ್ಟೇ ಅಂಕ ತೆಗೆದ ಹುಡುಗ 'ಜಸ್ಟ್ ಪಾಸ್'. ಲಾರಿಯ ಚಕ್ರದಿಂದ ಗೇಣು ದೂರದಲ್ಲಿ ಪಾರಾದ ಬೈಕಿನವನು 'ಜಸ್ಟ್ ಮಿಸ್'. ಫೋನಿನಲ್ಲಿ 'ಜಸ್ಟ್ ಎರಡು ನಿಮಿಷ, ಬಂದೆ' ಎಂದವನು ಇನ್ನೂ ಸ್ನಾನಕ್ಕೇ ಇಳಿದಿರುವುದಿಲ್ಲ. 2010ರಲ್ಲಿ ಸುದೀಪ್ 'ಜಸ್ಟ್ ಮಾತ್ ಮಾತಲ್ಲಿ' ಎಂದು ಸಿನಿಮಾ ಮಾಡಿದಾಗ ಹೆಸರು ತಿಳಿಯಲು ಕನ್ನಡದ ಪ್ರೇಕ್ಷಕ ನಿಘಂಟು ತೆರೆಯಬೇಕಾಗಲಿಲ್ಲ.

ಒಂದೇ ಪದಕ್ಕೆ ಇಷ್ಟೊಂದು ಕೆಲಸ. ಈಗಷ್ಟೇ, ಬರೀ, ಕೂದಲೆಳೆಯಲ್ಲಿ, ಸುಮ್ಮನೆ, ಸರಿಯಾಗಿ ಅಷ್ಟೇ, ಸ್ವಲ್ಪ - ಕನ್ನಡದಲ್ಲಿ ಬೇರೆ ಬೇರೆ ಪದಗಳು ಹಂಚಿಕೊಂಡ ಕೆಲಸವನ್ನೆಲ್ಲ ಇಂಗ್ಲಿಷಿನಲ್ಲಿ ಈ ಒಂದು ಪದ ಹೊತ್ತುಕೊಂಡಿದೆ. ಉರ್ದುವಿನಲ್ಲೂ ಹಾಗೇ. 'ಅಭೀ ಅಭೀ ಆಯಾ' ಎಂಬಲ್ಲಿ ಕಾಲ ಹೇಳುವ ಪದ ಒಂದು. 'ಸಿರ್ಫ್ ದಸ್ ರುಪಯೇ' ಎಂಬಲ್ಲಿ ಇನ್ನೊಂದು. 'ಬಸ್, ಯೂಂ ಹೀ' ಎಂಬಲ್ಲಿ ಮತ್ತೊಂದು. ಇಷ್ಟು ಪದಗಳು ನಮ್ಮಲ್ಲೇ ಇರುವಾಗ 'ಜಸ್ಟ್' ಏಕೆ ಬೇಕಾಯಿತು ಎಂದು ನಾವು ಯೋಚಿಸಿದ್ದುಂಟು. ಭಾಷೆಯ ಮಡಿವಂತಿಕೆ ನಮಗಿಲ್ಲ. ಉರ್ದು ಮದರಸಾ, ಕನ್ನಡ ಶಾಲೆ ಎರಡರಲ್ಲೂ ಕಲಿತವರಿಗೆ ಪದಗಳು ಗಡಿ ದಾಟುವುದು ಹೊಸ ಸಂಗತಿಯೇನಲ್ಲ. ಆದರೆ ಈ ಪದ ಬಂದದ್ದು ಬರಿಗೈಯಲ್ಲಲ್ಲ, ಒಂದು ಅನುಕೂಲವನ್ನು ಜೊತೆಗೆ ತಂದಿತು ಎಂಬ ಅನುಮಾನ ನಮ್ಮದು. ಆ ಅನುಕೂಲ ಏನೆಂದು ನೋಡುವ ಮೊದಲು ಪದ ನಡೆದುಬಂದ ದಾರಿಯನ್ನೊಮ್ಮೆ ನೋಡಬೇಕು.

ಲ್ಯಾಟಿನ್ನಿನಲ್ಲಿ 'ಯೂಸ್' ಎಂದರೆ ಹಕ್ಕು, ಕಾನೂನು. ಅದರಿಂದ 'ಯೂಸ್ಟುಸ್', ನ್ಯಾಯವಂತ. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಅದು 'ಜಸ್ಟ್' ಆಯಿತು. ಜಸ್ಟಿಸ್ ಎಂಬ ಪದ, ಹೈಕೋರ್ಟಿನ ಜಸ್ಟಿಸ್‌ಗಳು, 'ಸುಮ್ನೆ ಜಸ್ಟಿಫೈ ಮಾಡ್ಕೋಬೇಡ' ಎಂದು ನಾವು ಬೈಯುವಾಗ ಬಳಸುವ ಪದ - ಎಲ್ಲವೂ ಅದೇ ಮನೆಯ ಮಕ್ಕಳು. ನ್ಯಾಯವೆಂದರೆ ಹೆಚ್ಚೂ ಇಲ್ಲದ ಕಡಿಮೆಯೂ ಇಲ್ಲದ ಸರಿಯಳತೆ ತಾನೇ? ಹಾಗಾಗಿ ಪದಕ್ಕೆ 'ಸರಿಯಾಗಿ, ಕರಾರುವಾಕ್ಕಾಗಿ' ಎಂಬ ಅರ್ಥ ಬಂತು. 'ಸರಿಯಾಗಿ ಅಷ್ಟು' ಎಂಬುದು ನಿಧಾನವಾಗಿ 'ಅಷ್ಟು, ಹೆಚ್ಚಿಲ್ಲ' ಎಂದಾಯಿತು. 17ನೇ ಶತಮಾನದ ಹೊತ್ತಿಗೆ 'ಬರೀ ಅಷ್ಟೇ' ಎಂಬಲ್ಲಿಗೆ ಬಂದು ನಿಂತಿತು. ನಮ್ಮ 'ಅಷ್ಟೇ' ಕೂಡ ನಡೆದದ್ದು ಇದೇ ದಾರಿಯಲ್ಲಿ. ಒಮ್ಮೆ ಅದು ತೂಕ ಸರಿಯಿದೆ ಎನ್ನುತ್ತದೆ, ಇನ್ನೊಮ್ಮೆ ಇದೇನು ದೊಡ್ಡದಲ್ಲ ಬಿಡು ಎನ್ನುತ್ತದೆ. ಆದರೆ 'ಅಷ್ಟೇ' ಎಂಬುದಕ್ಕೆ ನ್ಯಾಯಾಲಯದ ವಂಶಾವಳಿಯಿಲ್ಲ. ನ್ಯಾಯವೆಂಬ ಪದವೇ ಸವೆದು 'ಬಿಡು, ಅಷ್ಟೇ ತಾನೇ' ಎಂದಾದದ್ದು ಇಂಗ್ಲಿಷಿನ ವಿಚಿತ್ರ.

ನಮ್ಮ ಕಡೆಯ ಪದಗಳ ವಂಶಾವಳಿಯೂ ಸ್ವಾರಸ್ಯದ್ದೇ. ಉರ್ದುವಿನ 'ಇನ್ಸಾಫ್' ಬಂದದ್ದು ಅರಬಿಯ 'ನಿಸ್ಫ್' ಮೂಲದಿಂದ. ನಿಸ್ಫ್ ಎಂದರೆ ಅರ್ಧ. ಇಬ್ಬರ ನಡುವೆ ಸಮಪಾಲು ಮಾಡುವುದೇ ಇನ್ಸಾಫ್. 'ಅದ್ಲ್' ಎಂಬುದರ ಒಡಹುಟ್ಟು ಪದವೊಂದು ಒಂಟೆಯ ಬೆನ್ನಿನ ಮೇಲೆ ಎರಡು ಕಡೆ ಸರಿದೂಗುವಂತೆ ಹೇರಿದ ಮೂಟೆಗಳಲ್ಲಿ ಒಂದನ್ನು ಹೇಳುತ್ತದೆ. ಒಂದು ಕಡೆ ಭಾರ ಜಾಸ್ತಿಯಾದರೆ ನರಳುವುದು ಮೂಟೆಯಲ್ಲ, ಒಂಟೆ. 'ಸಿರ್ಫ್' ಎಂದರೆ ಅರಬಿಯಲ್ಲಿ ಬೆರಕೆಯಿಲ್ಲದ್ದು, ಅಪ್ಪಟ. 'ಬಸ್' ಫಾರಸಿಯದು, ಸಾಕು ಎಂದರ್ಥ. ನಮ್ಮ 'ಮಾತ್ರ'ದ ಮೂಲ ಸಂಸ್ಕೃತದ ಅಳತೆ. ವೈದ್ಯರು ಕೊಡುವ ಮಾತ್ರೆಯೂ ಛಂದಸ್ಸಿನ ಮಾತ್ರೆಯೂ ಅದರ ಸೋದರಿಯರು.

ಎಲ್ಲಕ್ಕಿಂತ ನಮ್ಮನ್ನು ಕಾಡಿದ ಪದ 'ಜರಾ'. ಉತ್ತರ ಕರ್ನಾಟಕದಲ್ಲಿ ಹಿಂದೂ ಮುಸಲ್ಮಾನರೆನ್ನದೆ ಎಲ್ಲರೂ 'ಜರಾ ತಡೀರಿ', 'ಜರಾ ಸರೀರಿ' ಎನ್ನುತ್ತಾರೆ. ಈ ಜರಾ ಅರಬಿಯ 'ಝರ್ರಾ'ದಿಂದ ಬಂದದ್ದು. ಝರ್ರಾ ಎಂದರೆ ಕಿಟಕಿಯ ಬಿಸಿಲುಕೋಲಿನಲ್ಲಿ ಮಾತ್ರ ಕಾಣುವ ಧೂಳಿನ ಕಣ. ಕುರ್‌ಆನಿನ 'ಝಿಲ್‌ಝಾಲ್' ಅಧ್ಯಾಯದಲ್ಲಿ ಬರುವುದು ಇದೇ ಪದ: ಅಂತಿಮ ದಿನದಂದು ಕಣದಷ್ಟು ಒಳಿತು ಮಾಡಿದವನು ಅದನ್ನು ಕಾಣುತ್ತಾನೆ, ಕಣದಷ್ಟು ಕೆಡುಕು ಮಾಡಿದವನೂ ಅದನ್ನು ಕಾಣುತ್ತಾನೆ ಎಂಬುದು ಅಲ್ಲಿನ ಎಚ್ಚರಿಕೆ. ನಾವು 'ಜರಾ ಸಾ ಝೂಟ್', ಜರಾ ಒಂದು ಸುಳ್ಳು, ಎನ್ನುವಾಗ ಲೆಕ್ಕಕ್ಕೆ ಬಾರದ್ದೆಂದು ತೋರಿಸಲು ಬಳಸುವ ಪದವೇ ಅಲ್ಲಿ ತಕ್ಕಡಿಯಲ್ಲಿ ತೂಗುವ ಕಟ್ಟಕಡೆಯ ತೂಕದ ಹೆಸರು.

ಇನ್ನು 'ಜಸ್ಟ್' ತಂದ ಅನುಕೂಲದ ಮಾತು. ಈ ಪದ ಕಾಲವನ್ನೋ ಬೆಲೆಯನ್ನೋ ಹೇಳುವಷ್ಟು ಹೊತ್ತು ತೊಂದರೆಯೇನಿಲ್ಲ. ಅದು ನಾವು ಮಾಡಿದ ಕೆಲಸದ ಪಕ್ಕದಲ್ಲಿ ಬಂದು ಕೂತಾಗ ತೊಡಕು ಶುರು. 'ಜಸ್ಟ್ ಒಂದು ಸಹಿ ಸಾರ್, ಫಾರ್ಮಾಲಿಟಿ' ಎಂದು ಸಾಲದ ಜಾಮೀನಿಗೆ ಸಹಿ ಹಾಕಿಸಿಕೊಂಡವನು ಕಂತು ನಿಲ್ಲಿಸಿದ ಮೇಲೆ ಆ ಸಹಿ ಎಷ್ಟು ದೊಡ್ಡದೆಂದು ಗೊತ್ತಾಗುವುದು ಸಹಿ ಹಾಕಿದವನಿಗೆ. 'ನಮಗೇನೂ ಅಭ್ಯಂತರ ಇಲ್ಲಪ್ಪ, ಜಸ್ಟ್ ಅಕ್ಕಪಕ್ಕದವರು ಏನಾದ್ರೂ ಅಂದ್ಕೋತಾರೆ ಅಂತ' - ಹೆಸರು ಕೇಳಿದ ಮೇಲೆ ಬಾಡಿಗೆ ಮನೆಯ ಬಾಗಿಲು ಮುಚ್ಚಿಕೊಳ್ಳುವುದು ಈ ಮಾತಿನಿಂದ. ನಗರಗಳಲ್ಲಿ ಮನೆ ಹುಡುಕಿದ ಮುಸಲ್ಮಾನರಿಗೆ, ದಲಿತರಿಗೆ ಈ ವಾಕ್ಯ ಬಾಯಿಪಾಠ. ಹೇಳುವವರು ಬಹುಮಟ್ಟಿಗೆ ಸಜ್ಜನರೇ. ನೀರು ಕೊಟ್ಟು, ಕುಳ್ಳಿರಿಸಿ, ಮೆತ್ತಗೆ ಹೇಳುತ್ತಾರೆ. ಬೈದು ಕಳಿಸಿದ್ದರೆ ಜಗಳವಾದರೂ ಆಡಬಹುದಿತ್ತು. 'ಜಸ್ಟ್' ಎಂದವರ ಹತ್ತಿರ ಏನೆಂದು ಜಗಳ ಆಡುವುದು?

ನಮ್ಮ ಮನೆಗಳೊಳಗೂ ಅದೇ ಪದ ಬೇರೆ ಉಡುಪಿನಲ್ಲಿ ಕೂತಿದೆ. ಹುಡುಗಿ ನೋಡಲು ಬಂದ ಹಿರಿಯರು ಚಹಾ ಮುಗಿಸಿ, 'ಹಮ್ಕು ಕುಚ್ ನಕ್ಕೋ, ಬಸ್ ಆಪ್ ಖುಷೀ ಸೆ ಜೋ ಭೀ ದೇತೆ' ಎನ್ನುತ್ತಾರೆ. ನಮಗೇನೂ ಬೇಡ, ನೀವು ಸಂತೋಷದಿಂದ ಏನು ಕೊಡುತ್ತೀರೋ ಅಷ್ಟೇ. ಆ 'ಬಸ್' ಎಂಬುದರೊಳಗೆ ಜೋಡೆ ಕೀ ರಕಮ್ ಇದೆ, ಬೈಕು ಇದೆ, ಶಾದಿಮಹಲಿನ ಊಟದ ಲೆಕ್ಕ ಇದೆ. ಮೆಹರ್ ಕೊಡಬೇಕಾದವನು ಗಂಡು ಎಂಬ ಶರೀಅತ್ತಿನ ವಿಧಿ ಎಲ್ಲರಿಗೂ ಗೊತ್ತು. ಹೀಗಾಗಿ 'ಕೊಡಿ' ಎನ್ನುವ ಹಾಗಿಲ್ಲ. 'ಬಸ್' ಎನ್ನಬಹುದು. ಬಾಯಿಬಿಟ್ಟು ಕೇಳದೆಯೇ ಕೇಳಿಸಿಕೊಳ್ಳುವಂತೆ ಮಾಡುವ ವಿದ್ಯೆ ಈ ಪುಟ್ಟ ಪದಕ್ಕೆ ಸಿದ್ಧಿಸಿದೆ.

ತಮಾಷೆಯ ವಿಷಯವೂ ಇದೇ. ಗಡ್ಡದ ಮೇಲೆ, ಬುರ್ಖಾದ ಮೇಲೆ, ಜಾತಿಯ ಮೇಲೆ, ಕುಂಟು ಕಾಲಿನ ಮೇಲೆ, ಮಕ್ಕಳಾಗದ ಸೊಸೆಯ ಮೇಲೆ ಒಂದು ಮಾತು ಎಸೆದು, ಎದುರಿನವರ ಮುಖ ಬಾಡಿದಾಗ 'ಅಯ್ಯೋ, ಜಸ್ಟ್ ಜೋಕ್ ಮಾಡಿದ್ದು' ಎಂದರೆ ತಪ್ಪು ಹೇಳಿದವನದ್ದಲ್ಲ, ನಗಲು ಬಾರದವನದ್ದಾಗುತ್ತದೆ. ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ನಾವು ನಗೆಯ ವಿರೋಧಿಗಳಲ್ಲ. ಪ್ರವಾದಿಯವರು(ಸ) ಹಾಸ್ಯ ಮಾಡುತ್ತಿದ್ದರು. ಸವಾರಿಗೆ ಒಂಟೆ ಕೇಳಿ ಬಂದವನಿಗೆ ಒಂಟೆಯ ಮರಿ ಕೊಡುತ್ತೇನೆಂದು ಹೇಳಿ, ಮರಿಯನ್ನು ಕಟ್ಟಿಕೊಂಡು ಏನು ಮಾಡಲೆಂದು ಅವನು ಪೇಚಾಡಿದಾಗ, ಎಲ್ಲ ಒಂಟೆಯೂ ಇನ್ನೊಂದು ಒಂಟೆಯ ಮರಿಯೇ ಅಲ್ಲವೇ ಎಂದ ಪ್ರಸಂಗ ಹದೀಸ್ ಗ್ರಂಥಗಳಲ್ಲಿದೆ. ಆ ಹಾಸ್ಯ ಮುಗಿದಾಗ ಕೇಳಿದವನೂ ನಕ್ಕಿರಬೇಕು, ಒಂಟೆಯೂ ಸಿಕ್ಕಿರಬೇಕು. ಅಲ್ಲಿ 'ಬರೀ ತಮಾಷೆಗೆ ಅಂದೆ' ಎಂದು ಸೇರಿಸುವ ಅಗತ್ಯವೇ ಇರಲಿಲ್ಲ. ಮಾತು ಎಲ್ಲೋ ತಾಗಿದೆ ಎಂದು ಆಡಿದವನಿಗೆ ಗೊತ್ತಾದಾಗಲೇ ತಾನೇ 'ಜಸ್ಟ್' ಬರುವುದು?

'ಜಸ್ಟ್' ಎಂಬುದರ ಅತಿ ದೊಡ್ಡ ಪರೀಕ್ಷೆ ನಡೆದದ್ದು ಕಳೆದ ಶತಮಾನದ ಯುರೋಪಿನ ಮಹಾಪಾತಕದ ವಿಚಾರಣೆಗಳಲ್ಲಿ. 1961ರಲ್ಲಿ ಜೆರುಸಲೇಮಿನ ಕಟಕಟೆಯಲ್ಲಿ ನಿಂತ ಅಡಾಲ್ಫ್ ಐಖ್‌ಮನ್‌ನ ವಾದದ ತಿರುಳು, ತಾನು ಯಾರನ್ನೂ ಕೊಂದವನಲ್ಲ, ಮೇಲಿನವರ ಆದೇಶದಂತೆ ಸಾಗಾಟ ನೋಡಿಕೊಂಡವನಷ್ಟೇ ಎಂಬುದು. ರೈಲು ಹೊಂದಿಸುವುದು, ಪಟ್ಟಿ ಮಾಡುವುದು, ಅಷ್ಟೇ. ಆ ರೈಲುಗಳಲ್ಲಿ ಹೋದ ಯೆಹೂದಿಗಳು ಮರಳಲಿಲ್ಲ. ಆ ವಿಚಾರಣೆಯನ್ನು ನೋಡಿ ಬರೆದ ಹನ್ನಾ ಅರೆಂಟ್ ಅವರ ಪುಸ್ತಕ 1963ರಲ್ಲಿ ಬಂತು. ಇಷ್ಟು ದೊಡ್ಡ ಕೆಡುಕನ್ನು ಇಷ್ಟು ಸಾಮಾನ್ಯ ಮನುಷ್ಯ ಹೇಗೆ ಮಾಡಿದ ಎಂಬುದೇ ಅವರನ್ನು ಕಾಡಿದ ಪ್ರಶ್ನೆ. ಅದಕ್ಕೂ ಮೊದಲೇ, 1945-46ರ ನ್ಯೂರೆಂಬರ್ಗ್ ನ್ಯಾಯಮಂಡಳಿಯ ಸನ್ನದು ಆದೇಶ ಪಾಲಿಸಿದೆ ಎಂಬುದನ್ನು ಶಿಕ್ಷೆ ತಗ್ಗಿಸಲು ಬೇಕಾದರೆ ಪರಿಗಣಿಸಬಹುದು, ಹೊಣೆಯಿಂದ ಬಿಡಿಸಲು ಸಾಧ್ಯವಿಲ್ಲ ಎಂದು ಹೇಳಿತ್ತು. ನಮ್ಮ ಕಚೇರಿಗಳಲ್ಲಿ 'ಮೇಲಿನಿಂದ ಬಂತು ಸ್ವಾಮಿ, ನಾವು ಜಸ್ಟ್ ಕಳಿಸಿದ್ದು' ಎಂಬ ಮಾತಿಗೂ ಇದಕ್ಕೂ ಅಜಗಜಾಂತರವಿದೆ, ನಿಜ. ಆದರೆ ವ್ಯಾಕರಣ ಒಂದೇ.

ದೊಡ್ಡ ರಾಷ್ಟ್ರಗಳು ಇನ್ನೂ ಜಾಣರು. ಅವರು ಪದದ ಹಳೆಯ ಅರ್ಥವನ್ನೇ ಎತ್ತಿಕೊಳ್ಳುತ್ತಾರೆ. 1989ರ ಡಿಸೆಂಬರಿನಲ್ಲಿ ಪನಾಮಾದ ಮೇಲೆ ದಾಳಿ ಮಾಡಿದ ಅಮೆರಿಕ ಅದಕ್ಕಿಟ್ಟ ಹೆಸರು 'ಆಪರೇಷನ್ ಜಸ್ಟ್ ಕಾಸ್', ನ್ಯಾಯವಾದ ಕಾರಣ. 2001ರಲ್ಲಿ ಅಫ್ಘಾನಿಸ್ತಾನದ ಕಾರ್ಯಾಚರಣೆಗೆ ಮೊದಲು ಇಟ್ಟದ್ದು 'ಅನಂತ ನ್ಯಾಯ' ಎಂಬರ್ಥದ ಹೆಸರು. ಅಂಥ ನ್ಯಾಯ ದೇವರಿಗೆ ಮಾತ್ರ ಸಲ್ಲುವಂಥದ್ದು ಎಂದು ಮುಸಲ್ಮಾನರಿಂದ ಆಕ್ಷೇಪ ಬಂದಾಗ ಹೆಸರು ಬದಲಾಯಿತು. ಬಾಂಬುಗಳು ಬದಲಾಗಲಿಲ್ಲ.

ಕುರ್‌ಆನಿನ 83ನೇ ಅಧ್ಯಾಯದ ಹೆಸರು 'ಮುತಫ್ಫಿಫೀನ್'. ಅಳತೆ ತೂಕದಲ್ಲಿ ಮೋಸ ಮಾಡುವವರು ಎಂದು ಸಾಮಾನ್ಯವಾಗಿ ಅನುವಾದಿಸುತ್ತಾರೆ. ಆ ಪದದ ಬೇರಿನಲ್ಲಿರುವ ಅರ್ಥ ಬಹಳ ಸಣ್ಣದ್ದು, ಕ್ಷುಲ್ಲಕವಾದದ್ದು ಎಂದು. ಮೂಟೆಗಟ್ಟಲೆ ಕದಿಯುವವನ ಮಾತಲ್ಲ ಅದು. ಸೇರಿನ ಬಾಯಲ್ಲಿ ಒಂದು ಬೆರಳು ಒಳಗಿಡುವವನದು. ತಕ್ಕಡಿಯನ್ನು ಚೂರು, ಜಸ್ಟ್ ಚೂರು, ತಾಗುವವನದು. ಅಂಥವರು ತಾವು ಅಳೆಸಿಕೊಳ್ಳುವಾಗ ತುಂಬ ಅಳೆಸಿಕೊಳ್ಳುತ್ತಾರೆ, ಕೊಡುವಾಗ ಕಡಿಮೆ ಮಾಡುತ್ತಾರೆ ಎಂಬುದು ಅವರ ಮೇಲಿನ ಆರೋಪ. ಎರಡು ಅಳತೆ ಇಟ್ಟುಕೊಂಡದ್ದೇ ಅಪರಾಧದ ಮೂಲ. ಅಕ್ಕಿ ಬೇಳೆಯ ಮಾತನ್ನು ಮಾತಿಗೆ ಅನ್ವಯಿಸಿದರೆ ನಾವು 'ಜಸ್ಟ್' ಬಳಸುವ ಬಗೆ ಇದೇ ಅಲ್ಲವೇ? ನಮಗೆ ಯಾರೋ ಅಂದದ್ದು ಹತ್ತು ವರ್ಷವಾದರೂ ತೂಕ ಕಳೆದುಕೊಳ್ಳುವುದಿಲ್ಲ. ನಾವು ಅಂದದ್ದು ಬೆಳಿಗ್ಗೆ ಅಂದಿದ್ದರೆ ಸಂಜೆಗೆ ಹತ್ತಿ.

ಹೆಂಗಸರ ದುಡಿಮೆಯ ವಿಷಯದಲ್ಲಿ ಈ ಕಿರುಸೇರು ಎಷ್ಟು ಹಳೆಯದೆಂದರೆ ಅವರೇ ಅದನ್ನು ಕೈಯಲ್ಲಿ ಹಿಡಿದುಕೊಂಡುಬಿಟ್ಟಿದ್ದಾರೆ. ಶಾಲೆಯ ಅರ್ಜಿ ತುಂಬುವಾಗ ತಾಯಿಯ ಉದ್ಯೋಗ ಏನೆಂದು ಕೇಳಿದರೆ, 'ನಾನೇನಿಲ್ಲ ಸಾರ್, ಜಸ್ಟ್ ಹೌಸ್‌ವೈಫ್' ಎನ್ನುತ್ತಾರೆ. ಜನಗಣತಿಯ ಲೆಕ್ಕದಲ್ಲೂ ಮನೆಗೆಲಸ ಮಾತ್ರ ಮಾಡುವವಳು 'ದುಡಿಮೆಗಾರಳಲ್ಲ'. 2019ರಲ್ಲಿ ಕೇಂದ್ರ ಸರ್ಕಾರವೇ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಅಂಥ ಕೆಲಸಕ್ಕೆ ಕೈಹಾಕುವ ಗಂಡಸರು ಕೊಡುವುದು 97 ನಿಮಿಷ. ಐದು ಗಂಟೆಗೆ ಒಂದು ನಿಮಿಷ ಕಡಿಮೆ. ಜಸ್ಟ್ ಒಂದು ನಿಮಿಷ.

ನಮ್ಮವರಲ್ಲಿ ಈ ಸಣ್ಣ ಮಾಡುವ ಕೆಲಸಕ್ಕೆ ಧಾರ್ಮಿಕ ಆಧಾರವೂ ಸಿಗುತ್ತದೆ. 'ನನ್ನ ನಿಯ್ಯತ್ ಸಾಫ್ ಇತ್ತು' ಎನ್ನುತ್ತಾರೆ. ಬುಖಾರಿಯ ಸಂಕಲನದ ಮೊತ್ತಮೊದಲ ಹದೀಸ್, ಹ. ಉಮರ್(ರ) ವರದಿ ಮಾಡಿದ್ದು, ಕರ್ಮಗಳು ನಿಂತಿರುವುದು ಉದ್ದೇಶಗಳ ಮೇಲೆ ಎಂದು ಸಾರುತ್ತದೆ. ಅದು ಶುರುವಾಗುವುದೇ 'ಇನ್ನಮಾ' ಎಂಬ ಅರಬಿ ಪದದಿಂದ. 'ಮಾತ್ರವೇ' ಎಂದು ಕಟ್ಟುನಿಟ್ಟು ಮಾಡುವ ಪದ. ಈ ಹದೀಸನ್ನು ಅರ್ಧಕ್ಕೆ ನಿಲ್ಲಿಸುವವರು, ಉದ್ದೇಶ ಕೆಟ್ಟದ್ದಿರಲಿಲ್ಲ, ಆದ್ದರಿಂದ ಕೆಲಸವೂ ಕೆಟ್ಟದ್ದಲ್ಲ ಎಂದು ತಮಗೆ ಬೇಕಾದ ಕಡೆ ತಿರುಗಿಸುತ್ತಾರೆ. ಆದರೆ ಹದೀಸಿನ ಮುಂದಿನ ಭಾಗದಲ್ಲಿ ಬರುವ ಉದಾಹರಣೆ ಯಾವುದು? ಹಿಜ್ರತ್. ಊರು ಮನೆ ಬಿಟ್ಟು ಮದೀನಾಕ್ಕೆ ವಲಸೆ ಹೋಗುವುದು. ಆ ಕಾಲದಲ್ಲಿ ಅದಕ್ಕಿಂತ ದೊಡ್ಡ ಪುಣ್ಯದ ಕೆಲಸ ಇನ್ನಾವುದಿತ್ತು? ಲಾಭಕ್ಕಾಗಿಯೋ ಒಬ್ಬ ಹೆಣ್ಣನ್ನು ಮದುವೆಯಾಗಲಿಕ್ಕೋ ಹಾಗೆ ಹೊರಟವನ ವಲಸೆ ಅದರ ಸಲುವಾಗಿ ಮಾತ್ರ, ದೇವರ ಸಲುವಾಗಿ ಅಲ್ಲ ಎಂಬುದು ಅಲ್ಲಿನ ಮಾತು. ಅಂದರೆ ಆ 'ಮಾತ್ರ' ಕತ್ತರಿ ಹಾಕುವುದು ನಮ್ಮ ಒಳ್ಳೆಯ ಕೆಲಸಗಳಿಗೆ. ನೀನು ಮಾಡಿದ ದೊಡ್ಡ ದಾನ ಬರೀ ಹೆಸರಿಗೆ ಮಾಡಿದ್ದಲ್ಲವೇ ಎಂದು ಅದು ಕೇಳುತ್ತದೆ. ನಾವು ಅದೇ ಕತ್ತರಿಯನ್ನು ನಮ್ಮ ತಪ್ಪುಗಳ ಮೇಲೆ ಆಡಿಸುತ್ತೇವೆ, ಒಳ್ಳೆಯ ಕೆಲಸಗಳಿಗೆ ಮಾತ್ರ ಫ್ಲೆಕ್ಸ್ ಕಟ್ಟಿಸುತ್ತೇವೆ.

ಉದ್ದೇಶದ ಮಾತು ಬಂದಾಗ ತಲಾಖಿನ ಮಾತು ತಪ್ಪಿಸಲಾಗದು. ನಿಕಾಹ್, ತಲಾಖ್, ತಲಾಖನ್ನು ಹಿಂತೆಗೆದುಕೊಳ್ಳುವುದು - ಈ ಮೂರರಲ್ಲಿ ಗಂಭೀರವಾಗಿ ಆಡಿದ್ದೂ ಗಂಭೀರ, ತಮಾಷೆಗೆ ಆಡಿದ್ದೂ ಗಂಭೀರ ಎಂಬ ಹದೀಸ್ ಅಬೂದಾವೂದ್, ತಿರ್ಮಿದಿ ಸಂಕಲನಗಳಲ್ಲಿದೆ. ಇದರ ಆಧಾರದಲ್ಲಿ, ನಗೆಚಾಟಿಕೆಗೆ ಹೇಳಿದ ತಲಾಖೂ ಬೀಳುತ್ತದೆಂದು ಫಿಕ್‌ಹಿನ ವಿದ್ವಾಂಸರು ತೀರ್ಮಾನಿಸಿದರು. ಮೇಲ್ನೋಟಕ್ಕೆ ಇದು ಅದ್ಭುತವಾದ ನಿಯಮ. 'ಸುಮ್ನೆ ಅಂದೆ' ಎಂಬ ನೆಪಕ್ಕೆ ಜಾಗವೇ ಇಲ್ಲ. ನಾಲಿಗೆಯಿಂದ ಹೊರಟ ಮಾತಿಗೆ ನೀನೇ ಹೊಣೆ. ಆದರೆ ಆಚರಣೆಯಲ್ಲಿ ಆದದ್ದೇನು? ಗಂಡ ಸಿಟ್ಟಿನಲ್ಲಿ ಮೂರು ಸಲ ಅಂದ, ಮರುದಿನ 'ಗುಸ್ಸೇ ಮೇಂ ಬಸ್ ಬೋಲ್ ದಿಯಾ' ಎಂದ. ಮಾತಿನ ಭಾರ ಇಳಿದದ್ದು ಮಾತಾಡಿದವನ ಹೆಗಲ ಮೇಲಲ್ಲ, ಕೇಳಿಸಿಕೊಂಡವಳ ಹೆಗಲ ಮೇಲೆ. ಅವನು ಇನ್ನೊಂದು ಮದುವೆಯಾದ. ಅವಳು ತವರಿನ ಮೂಲೆ ಸೇರಿದಳು. ಅದೇ ಗಂಡನ ಮನೆಗೆ ಮರಳಬೇಕಾದರೆ ಇನ್ನೊಬ್ಬನನ್ನು ಮದುವೆಯಾಗಿ ಬಾ ಎಂದರು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾಳನ್ನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟು ಮೂರಕ್ಕೆ ಎರಡರ ಬಹುಮತದಿಂದ ಒಂದೇ ಉಸಿರಿನ ತ್ರಿವಳಿ ತಲಾಖನ್ನು ರದ್ದು ಮಾಡಿತು. 2019ರ ಕಾಯ್ದೆ ಅದನ್ನು ಮೂರು ವರ್ಷದವರೆಗೆ ಜೈಲು ವಿಧಿಸಬಹುದಾದ ಅಪರಾಧವನ್ನಾಗಿಸಿತು. ಆ ಕಾಯ್ದೆಯ ಹಿಂದಿನ ರಾಜಕೀಯದ ಬಗ್ಗೆ ನಮಗೂ ತಕರಾರಿದೆ. ಗಂಡ ಜೈಲಿಗೆ ಹೋದರೆ ಹೆಂಡತಿ ಮಕ್ಕಳ ಒಲೆ ಉರಿಸುವವರು ಯಾರೆಂಬ ಪ್ರಶ್ನೆಗೆ ಅದರಲ್ಲಿ ನೆಟ್ಟಗಿನ ಉತ್ತರವಿಲ್ಲ. ಆದರೆ ನ್ಯಾಯಾಲಯದ ಬಾಗಿಲು ತಟ್ಟಿದವರು ಮುಸ್ಲಿಂ ಹೆಣ್ಣುಮಕ್ಕಳೇ ಎಂಬುದನ್ನು ಮರೆಯಬಾರದು. ಮಾತಿಗೆ ತೂಕವಿದೆ ಎಂದ ಹಳೆಯ ವಿದ್ವಾಂಸರು ತಪ್ಪಿರಲಿಲ್ಲ. ಆ ತೂಕ ಯಾರ ಬೆನ್ನಿಗೆ ಎಂದು ಕೇಳುವುದನ್ನು ಬಿಟ್ಟವರು ನಮ್ಮ ಮೊಹಲ್ಲಾಗಳ ಹಿರಿಯರು.

ಈಗಿನ ಕಾಲದ ಅತಿ ಅಪಾಯಕಾರಿ 'ಜಸ್ಟ್' ಇರುವುದು ಜೇಬಿನಲ್ಲಿ. 'ನಾನು ಬರೆದದ್ದಲ್ಲ, ಜಸ್ಟ್ ಫಾರ್ವರ್ಡ್ ಮಾಡಿದ್ದು.' 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶಗಳು ಊರೂರು ತಿರುಗಿದವು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆ ಔರಾದ್ ತಾಲೂಕಿನ ಮುರ್ಕಿ ಗ್ರಾಮದ ಬಳಿ ಹೈದರಾಬಾದಿನ ಒಬ್ಬ ಎಂಜಿನಿಯರ್ ಹೀಗೇ ಸತ್ತ. ಅವನೂ ಸ್ನೇಹಿತರೂ ಆ ಕಡೆ ಸುತ್ತಾಡಲು ಬಂದಿದ್ದರು. ಶಾಲಾಮಕ್ಕಳಿಗೆ ಚಾಕಲೇಟ್ ಕೊಟ್ಟದ್ದೇ ಅನುಮಾನಕ್ಕೆ ಮೂಲವಾಯಿತು. ಕಾರು ಓಡುವುದಕ್ಕಿಂತ ಮುಂಚೆ ಸುದ್ದಿ ಮುಂದಿನೂರಿಗೆ ಓಡಿತ್ತು. ಕಲ್ಲು ದೊಣ್ಣೆ ಹಿಡಿದವರ ಹೆಸರು ಪೊಲೀಸರ ಕಡತದಲ್ಲಿರಬಹುದು. ಅದಕ್ಕೂ ಮೊದಲು ಬೆರಳೊತ್ತಿ ಕಳಿಸಿದ ನೂರಾರು ಜನ? ಅವರು ಅಂದು ರಾತ್ರಿ ಊಟ ಮಾಡಿ ಮಲಗಿರಬೇಕು. ಅದೇ ಜುಲೈಯಲ್ಲಿ ವಾಟ್ಸಾಪ್ ಕಂಪನಿ ಹಾಗೆ ಕಳಿಸಿದ ಸಂದೇಶಗಳ ಮೇಲೆ 'ಫಾರ್ವರ್ಡೆಡ್' ಎಂಬ ಗುರುತು ಹಾಕತೊಡಗಿತು. ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಕಳಿಸದಂತೆ ಮಿತಿ ಹೇರಿತು. ಸುಳ್ಳನ್ನು ಐದು ಜನಕ್ಕೆ ಹೇಳಬಹುದು, ಆರನೆಯವನಿಗೆ ಹೇಳಬಾರದು ಎಂಬಂತೆ ಕೆಲವರು ಅದನ್ನು ಅರ್ಥ ಮಾಡಿಕೊಂಡಿದ್ದಾರೆ.

ಫಾರ್ವರ್ಡ್ ಮಾಡುವ ಚಟಕ್ಕೆ ಮೊಬೈಲ್ ಬೇಕಾಗಿಲ್ಲ ಎಂಬುದಕ್ಕೆ ಮದೀನಾದ ಒಂದು ತಿಂಗಳು ಸಾಕ್ಷಿ. ಬನೂ ಮುಸ್ತಲಿಕ್ ದಂಡಯಾತ್ರೆಯಿಂದ ಮರಳುವಾಗ ಹ. ಆಯಿಶಾ(ರ) ಕಳೆದುಹೋದ ಸರ ಹುಡುಕಲು ಹೋಗಿದ್ದರು. ಅವರು ಒಳಗಿದ್ದಾರೆಂದೇ ಭಾವಿಸಿ ಪಲ್ಲಕ್ಕಿಯನ್ನು ಒಂಟೆಯ ಮೇಲೇರಿಸಿದರು. ಎತ್ತಿದವರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಆ ಕಾಲದ ಹೆಣ್ಣುಮಕ್ಕಳು ಅಷ್ಟು ಹಗುರ, ತಿನ್ನಲು ಇದ್ದದ್ದೇ ಅಷ್ಟು ಎಂದು ಅವರೇ ಮುಂದೆ ಹೇಳುತ್ತಾರೆ. ಹಿಂದೆ ಉಳಿದವರನ್ನು ಸಫ್ವಾನ್ ಎಂಬ ಸಹಾಬಿ ಕಂಡು ತನ್ನ ಒಂಟೆಯ ಮೇಲೆ ಕೂರಿಸಿ, ತಾನು ನಡೆಯುತ್ತ ಕರೆತಂದರು. ಅಷ್ಟೇ ಸಾಕಾಯಿತು. ಅಬ್ದುಲ್ಲಾ ಬಿನ್ ಉಬೈ ಹಚ್ಚಿದ ಕಿಡಿಯನ್ನು ಊರಿನ ತುಂಬ ಹಬ್ಬಿಸಿದವರಲ್ಲಿ ಒಳ್ಳೆಯ ಮುಸಲ್ಮಾನರೂ ಇದ್ದರು: ಕವಿ ಹಸ್ಸಾನ್, ಹ. ಅಬೂಬಕರ್(ರ) ಅವರ ಬಂಧುವೂ ಅವರ ನೆರವಿನಲ್ಲೇ ಬದುಕುತ್ತಿದ್ದವರೂ ಆದ ಮಿಸ್ತಹ್, ಪ್ರವಾದಿಪತ್ನಿ ಝೈನಬರ ಸೋದರಿ ಹಮ್ನಾ. ಸ್ವತಃ ಝೈನಬ್, ಸವತಿಯಾಗಿದ್ದರೂ, ಕೇಳಿದಾಗ ತನ್ನ ಕಣ್ಣು ಕಿವಿಯನ್ನು ತಾನು ಕಾಯ್ದುಕೊಳ್ಳುತ್ತೇನೆ, ಆಕೆಯ ಬಗ್ಗೆ ಒಳಿತಲ್ಲದೆ ಬೇರೇನೂ ಅರಿಯೆ ಎಂದರು.

ಸುಮಾರು ಒಂದು ತಿಂಗಳ ನಂತರ ಆಯಿಶಾರ ನಿರ್ದೋಷವನ್ನು ಸಾರಿದ ವಚನಗಳು 'ನೂರ್' ಅಧ್ಯಾಯದಲ್ಲಿವೆ. ಅಲ್ಲಿ, ನೀವು ಅದನ್ನು ನಿಮ್ಮ ನಾಲಿಗೆಗಳಿಂದ ಸ್ವೀಕರಿಸಿದಿರಿ ಎಂಬರ್ಥದ ಮಾತೊಂದು ಬರುತ್ತದೆ. ಸುದ್ದಿಯನ್ನು ಸ್ವೀಕರಿಸಬೇಕಾದದ್ದು ಕಿವಿ, ಅಲ್ಲವೇ? ಕಿವಿಗೂ ಬುದ್ಧಿಗೂ ಕೆಲಸ ಕೊಡದೆ ನಾಲಿಗೆಯಿಂದ ನಾಲಿಗೆಗೆ ನೇರ ದಾಟಿಸಿದವರ ಚಿತ್ರ ಅದು. ಕತೆ ಬರೆಯುವ ನಮಗೆ ಇದಕ್ಕಿಂತ ಚೆನ್ನಾಗಿ ಅದನ್ನು ಹೇಳಲು ಆಗುತ್ತದೆಂದು ಅನ್ನಿಸಿಲ್ಲ. ಅದೇ ಉಸಿರಿನಲ್ಲಿ, ನೀವು ಅದನ್ನು ಹಗುರವೆಂದು ಎಣಿಸಿದಿರಿ, ದೇವರ ಬಳಿ ಅದು ಬಹಳ ದೊಡ್ಡದು ಎಂಬ ತೀರ್ಪೂ ಇದೆ. ಹಗುರವೆಂದು ಎಣಿಸುವುದು! 'ಜಸ್ಟ್' ಎಂಬ ಪದದ ಮೇಲೆ ಬಂದ ತೀರ್ಪು ಯಾವುದಾದರೂ ಇದ್ದರೆ ಇದು. ಆಯಿಶಾ ಅವರು ಮುಂದೆ ಆ ದಿನಗಳನ್ನು ನೆನೆದು ಹೇಳಿದ್ದರಲ್ಲಿ ಇನ್ನೊಂದು ಮಾತಿದೆ: ಜನರು ಓದುತ್ತ ಹೋಗುವ ದಿವ್ಯವಾಣಿಯಲ್ಲಿ ದೇವರು ತನ್ನ ವಿಷಯ ಮಾತಾಡುವಷ್ಟು ತಾನು ದೊಡ್ಡವಳೆಂದು ಆಕೆಗೆ ಎಂದೂ ಅನ್ನಿಸಿರಲಿಲ್ಲವಂತೆ. ಊರು ತನ್ನ ಮಾತನ್ನು ಸಣ್ಣದೆಂದುಕೊಂಡಿತ್ತು. ಆಕೆ ತನ್ನನ್ನೇ ಸಣ್ಣವಳೆಂದುಕೊಂಡಿದ್ದರು.

ಹಾಗಾದರೆ ಸಣ್ಣದು ಎನ್ನಲು ಯಾರಿಗೂ ಹಕ್ಕಿಲ್ಲವೇ? ಇದೆ ಎಂದೇ ನಮ್ಮ ಅಭಿಪ್ರಾಯ. ಆದರೆ ಅದು ಮಾಡಿದವನ ಹಕ್ಕಲ್ಲ. ಹುಕೂಕುಲ್ ಇಬಾದ್, ಅಂದರೆ ಮನುಷ್ಯರ ನಡುವಿನ ಹಕ್ಕುಬಾಧ್ಯತೆಗಳಲ್ಲಿ ಕ್ಷಮೆಯ ಕೀಲಿಕೈ ನೊಂದವನ ಬಳಿ ಇರುತ್ತದೆಂದು ಉಲಮಾಗಳು ಹೇಳುತ್ತ ಬಂದಿದ್ದಾರೆ. 'ಬಿಡಿ, ಅದೇನು ದೊಡ್ಡ ವಿಷಯ' ಎಂಬುದು ನೊಂದವನ ಬಾಯಲ್ಲಿ ಔದಾರ್ಯ, ನೋಯಿಸಿದವನ ಬಾಯಲ್ಲಿ ಸೊಕ್ಕು. ಕೊಡುವವನ ಬಾಯಲ್ಲೂ ಅದಕ್ಕೆ ಚೆಲುವಿದೆ. ಉರ್ದುವಿನಲ್ಲಿ ತನ್ನ ಮನೆಯನ್ನು ಗರೀಬ್‌ಖಾನಾ ಎನ್ನುತ್ತಾರೆ, ಬಿರಿಯಾನಿ ಬಡಿಸಿ ದಾಲ್‌ರೋಟಿ ಎನ್ನುತ್ತಾರೆ. ಕನ್ನಡದಲ್ಲಿ 'ಏನೋ ನಮ್ಮ ಕೈಲಾದದ್ದು' ಎನ್ನುತ್ತಾರೆ. ಆದರೆ ಇದನ್ನೂ ತೀರಾ ಸಲೀಸಾಗಿ ಒಪ್ಪಲು ಮನಸ್ಸು ಬಾರದು. ಎರಡು ತಿಂಗಳ ಸಂಬಳ ತಡವಾದರೂ 'ಪರವಾಗಿಲ್ಲ ಬಿಡ್ರಮ್ಮ' ಎನ್ನುವ ಮನೆಗೆಲಸದಾಕೆಗೆ ಬೇರೆ ಏನು ಹೇಳುವ ಸ್ವಾತಂತ್ರ್ಯವಿದೆ? ಬಾಡಿಗೆ ಮನೆ ಸಿಗದೆ ಮರಳುವವನೂ 'ಇರಲಿ ಸಾರ್' ಎಂದೇ ಮೆಟ್ಟಿಲಿಳಿಯುತ್ತಾನೆ. ಇಲ್ಲ ಎನ್ನಲು ಸಾಧ್ಯವಿದ್ದವನು ಬಿಟ್ಟುಕೊಟ್ಟಾಗ ಮಾತ್ರ ಅದು ಕ್ಷಮೆ. ಉಳಿದದ್ದಕ್ಕೆ ಬೇರೆ ಹೆಸರು ಹುಡುಕಬೇಕು.

ಆಯಿಶಾ ಅವರಿಗೆ ಇಲ್ಲ ಎನ್ನುವುದು ಸಾಧ್ಯವಿತ್ತು, ಅಂದರು ಕೂಡ. ನಿರ್ದೋಷದ ವಚನ ಬಂದಾಗ ತಾಯಿ, ಎದ್ದು ಪ್ರವಾದಿಯವರ ಬಳಿಗೆ ಹೋಗು ಎಂದರೆ, ನಾನು ಏಳುವುದಿಲ್ಲ, ಅಲ್ಲಾಹನನ್ನಲ್ಲದೆ ಬೇರಾರನ್ನೂ ಸ್ತುತಿಸುವುದಿಲ್ಲ ಎಂದುಬಿಟ್ಟರು. ಅಬೂಬಕರ್ ಅವರು ಮಿಸ್ತಹ್‌ಗೆ ಇನ್ನು ಮುಂದೆ ಕಾಸು ಕೊಡುವುದಿಲ್ಲವೆಂದು ಆಣೆಯಿಟ್ಟರು. ಕ್ಷಮಿಸಲು ಹೇಳುವ ವಚನ ಬಂದ ಮೇಲೆ ಆಣೆ ಮುರಿದು ನೆರವು ಮುಂದುವರಿಸಿದರು. ವರ್ಷಗಳು ಕಳೆದು ಕವಿ ಹಸ್ಸಾನ್ ಮುದುಕರಾದರು, ಕಣ್ಣು ಹೋಯಿತು. ಒಮ್ಮೆ ಆಯಿಶಾರ ಎದುರಿಗೇ ಅವರ ಅಕ್ಕನ ಮಗ ಉರ್ವಾ ಹಳೆಯದನ್ನು ನೆನೆದು ಹಸ್ಸಾನರನ್ನು ಬೈಯಲು 시작ಿಸದೆ ಇರಲಿಲ್ಲ. ಅವರನ್ನು ಬೈಯಬೇಡ, ಅವರು ಪ್ರವಾದಿಯವರ ಪರವಾಗಿ ನಿಂತು ಕವಿತೆ ಕಟ್ಟಿದವರು ಎಂದು ಆಯಿಶಾ ತಡೆದರು.